ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ?



ನಮ್ಮ ಮೊಹಲ್ಲಾದ ಒಂದು ಮನೆಯ ಮುಂಜಾವಿನ ಕುರಿತು ನಿಮ್ಮೊಡನೆ ಹೇಳಿಕೊಳ್ಳಬೇಕಿದೆ. ಆ ಮನೆಯಲ್ಲಿ ಹನ್ನೆರಡರ ಹರೆಯದ ಒಂದು ಹೆಣ್ಣು ಮಗು, ಎಂಟು ವರ್ಷದ ಒಬ್ಬ ತಮ್ಮ. ಇಬ್ಬರೂ ಬೆಳಿಗ್ಗೆ ನನ್ನ ಮದ್ರಸಕ್ಕೆ ಬರುತ್ತಾರೆ. ಮದ್ರಸ ಬಿಟ್ಟೊಡನೆ ಅಕ್ಕ ತಮ್ಮನ ಕೈ ಹಿಡಿದು ಮನೆಗೆ ಓಡುತ್ತಾಳೆ. ಅವನ ಬೂಟಿಗೆ ಪಾಲಿಶ್ ಹಾಕುವುದು, ಟೈ ಕಟ್ಟುವುದು, ಟಿಫಿನ್ ಡಬ್ಬಿ ತುಂಬುವುದು ಎಲ್ಲವೂ ಅವಳ ಕೆಲಸ. ಹಳದಿ ವ್ಯಾನು ರಸ್ತೆಯ ತಿರುವಿಗೆ ಬರುವಾಗ ಅವನ ಚೀಲವನ್ನು ಹೊತ್ತು ನಿಂತಿರುವವಳೂ ಅವಳೇ. ತಮ್ಮ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾನೆ. ವ್ಯಾನು ಹೊರಟ ಬಳಿಕ ಅವಳು ತನ್ನ ಚೀಲ ಹೆಗಲಿಗೇರಿಸಿ ಸರಕಾರಿ ಶಾಲೆಗೆ ನಡೆಯುತ್ತಾಳೆ. ಹೆಚ್ಚಿನ ದಿನ ಪ್ರಾರ್ಥನೆ ಮುಗಿದ ಮೇಲೆಯೇ ತಲಪುತ್ತಾಳೆ.

ಒಮ್ಮೆ ಮದ್ರಸದ ಜಗಲಿಯಲ್ಲಿ ಅವಳು ತಮ್ಮನ ಇಂಗ್ಲಿಷ್ ಪುಸ್ತಕ ತೆರೆದು ಓದುತ್ತಿದ್ದುದನ್ನು ಕಂಡೆ. ಅವನ ಹೋಂವರ್ಕ್ ಅವಳೇ ಮಾಡಿ ಕೊಡುತ್ತಿದ್ದಳು! ಯಾರೂ ಕಲಿಸದ ಭಾಷೆಯನ್ನು ತಮ್ಮನ ಪುಸ್ತಕದಿಂದಲೇ ಕಲಿತಿದ್ದಳು. ನಾನು ಅವಳ ತಂದೆಯೊಡನೆ ಮಾತಾಡಿದೆ. ಅವರು ಕೆಟ್ಟ ಮನುಷ್ಯರಲ್ಲ, ಐದು ಹೊತ್ತಿನ ನಮಾಝಿಗೆ ಮಸೀದಿಗೆ ಬರುವವರು.

“ಉಸ್ತಾದ್, ಇಬ್ಬರಿಗೂ ಫೀಸು ಕಟ್ಟುವ ಶಕ್ತಿ ನನಗಿಲ್ಲ. ಅವಳು ಹೇಗೂ ಇನ್ನೊಂದು ಮನೆಗೆ ಹೋಗುವವಳಲ್ಲವೇ?” ಎಂದರು.

ಈ ಮಾತನ್ನು ನೀವೂ ಕೇಳಿರುವಿರಿ. ನಮ್ಮಲ್ಲಿ ಕೆಲವರು ಆಡಿಯೂ ಇರಬಹುದು.

ಮದೀನಾದಲ್ಲಿ ಬಶೀರ್ ಎಂಬ ಸಹಾಬಿಯೊಬ್ಬರಿದ್ದರು(ರ). ಅವರು ತಮ್ಮ ಮಗ ನುಅ್‌ಮಾನ್‌ಗೆ ತಮ್ಮ ಸೊತ್ತಿನಿಂದ ಒಂದು ಕೊಡುಗೆ ಕೊಟ್ಟರು. ಬಾಲಕನ ತಾಯಿ ಅಮ್ರಾ ಬಿಂತಿ ರವಾಹಾರಿಗೆ(ರ) ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅಲ್ಲಾಹನ ಸಂದೇಶವಾಹಕರನ್ನು(ಸ) ಇದಕ್ಕೆ ಸಾಕ್ಷಿಯನ್ನಾಗಿ ಮಾಡಬೇಕೆಂದು ಅವರು ಪಟ್ಟು ಹಿಡಿದರು. ಬಶೀರ್(ರ) ಮಗನನ್ನು ಕರೆದುಕೊಂಡು ಪ್ರವಾದಿಯವರ(ಸ) ಬಳಿಗೆ ಹೋದರು. ಕೊಡುಗೆ ಎಷ್ಟು ಬೆಲೆಯದೆಂದು ಪ್ರವಾದಿಯವರು(ಸ) ವಿಚಾರಿಸಲಿಲ್ಲ. ನಿನ್ನ ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದಷ್ಟೇ ಕೇಳಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಡಬೇಕೆಂದೂ ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದೂ ಬೋಧಿಸಿದರು, ಅನ್ಯಾಯಕ್ಕೆ ತಾವು ಸಾಕ್ಷಿಯಾಗುವುದಿಲ್ಲವೆಂದರು. ಬಶೀರ್(ರ) ಮರಳಿ ಬಂದು ಆ ಕೊಡುಗೆಯನ್ನು ಹಿಂದಕ್ಕೆ ಪಡೆದರು. ಬುಖಾರಿ ಮತ್ತು ಮುಸ್ಲಿಮ್ ಇವೆರಡರಲ್ಲೂ ಈ ವರದಿ ಇದೆ. ಇದನ್ನು ವರದಿ ಮಾಡಿದವರು ಬೇರಾರೂ ಅಲ್ಲ, ಕೊಡುಗೆ ಪಡೆದು ಕಳೆದುಕೊಂಡ ಆ ನುಅ್‌ಮಾನ್(ರ)! ದೊಡ್ಡವರಾದ ಮೇಲೆ ಅವರು ಇದನ್ನು ದೂರಾಗಿ ಹೇಳಲಿಲ್ಲ, ಜನರಿಗೆ ಪಾಠವಾಗಿ ಹೇಳಿಕೊಟ್ಟರು.

ಆ ಕಾಲದಲ್ಲಿ ತಂದೆ ಮಗನಿಗೆ ಕೊಡುತ್ತಿದ್ದುದು ಒಂಟೆ, ತೋಟ, ಆಳು. ಇಂದು ತಂದೆ ಮಗುವಿಗೆ ಕೊಡುವ ಅತಿ ದೊಡ್ಡ ಕೊಡುಗೆ ಶಿಕ್ಷಣ. ಜಮೀನನ್ನು ಮಾರಿದರೆ ಹೋಯಿತು, ಅಂಗಡಿ ನಷ್ಟವಾದರೆ ಮುಚ್ಚಿತು. ಕಲಿತದ್ದು ಮಾತ್ರ ಸಾಯುವ ತನಕ ಜೊತೆಗಿರುತ್ತದೆ. ಉಯಿಲಿನಲ್ಲಿ ಹೆಣ್ಣು ಮಗುವಿನ ಪಾಲಿನ ಒಂದು ಸೆಂಟ್ಸ್ ಜಾಗ ಕಡಿಮೆಯಾದರೂ ನಾವು ಉಲಮಾಗಳ ಬಳಿಗೆ ಓಡುತ್ತೇವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಪಾಲು ಕಡಿತವಾದಾಗ ಯಾವ ಫತ್ವಾವನ್ನೂ ಕೇಳುವುದಿಲ್ಲ.

ನ್ಯಾಯವೆಂದರೆ ಇಬ್ಬರಿಗೂ ಒಂದೇ ಮೊತ್ತದ ಫೀಸು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಸರಕಾರಿ ಶಾಲೆ ಕೀಳೆಂಬ ಅಭಿಪ್ರಾಯವೂ ನನ್ನದಲ್ಲ. ನಾನೇ ಅಲ್ಲಿ ಕಲಿತವನು, ಬಿ.ಎ.ಗೆ ಕನ್ನಡ ಸಾಹಿತ್ಯ ಓದುವ ಧೈರ್ಯ ಬಂದುದು ಅಲ್ಲಿನ ಒಬ್ಬ ಮೇಷ್ಟ್ರ ಕೃಪೆಯಿಂದ. ದುಡ್ಡು ಒಬ್ಬರಿಗೆ ಸಾಲುವಷ್ಟೇ ಇದ್ದರೆ ಇಬ್ಬರನ್ನೂ ಸರಕಾರಿ ಶಾಲೆಗೆ ಕಳುಹಿಸಿ, ಉಳಿದ ಹಣದಲ್ಲಿ ಇಬ್ಬರಿಗೂ ಸಂಜೆಯ ಟ್ಯೂಷನ್ ಕೊಡಿಸಬಹುದಲ್ಲವೇ? ಹಾಗಲ್ಲದೆ ಒಬ್ಬನನ್ನು ವ್ಯಾನಿಗೆ ಹತ್ತಿಸಿ ಇನ್ನೊಬ್ಬಳಿಂದ ಅವನ ಚೀಲ ಹೊರಿಸಿದರೆ, ನಿನ್ನ ಬೆಲೆ ಇಷ್ಟೇ ಎಂದು ಆ ಮಗುವಿಗೆ ದಿನವೂ ಹೇಳಿದಂತಾಗುತ್ತದೆ. ಇದನ್ನೆಲ್ಲ ಆ ತಂದೆಗೆ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಅವಳೀಗ ಎಷ್ಟನೇ ಕ್ಲಾಸು ಉಸ್ತಾದ್?” ಎಂದು ಕೇಳಿದರು.

ಗಂಡು ಮಕ್ಕಳ ವಿಚಾರದಲ್ಲಿ ನಾವು ಗೆದ್ದಿದ್ದೇವೆಯೇ ಎಂದರೆ ಅದೂ ಇಲ್ಲ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರೇ ಮುಂದಿರುತ್ತಾರೆ. ನಾವು ದುಡ್ಡು ಸುರಿದ ಹುಡುಗ ಒಂಬತ್ತನೆಯಲ್ಲೋ ಹತ್ತನೆಯಲ್ಲೋ ಪುಸ್ತಕ ಮುಚ್ಚಿ ಮಾವನ ಅಂಗಡಿಗೋ ಗ್ಯಾರೇಜಿಗೋ ಹೋಗುತ್ತಾನೆ, ಪಾಸ್‌ಪೋರ್ಟಿನ ವಯಸ್ಸಾಗುವುದನ್ನು ಕಾಯುತ್ತಾನೆ. ದುಡಿಮೆಯಲ್ಲಿ ಅವಮಾನವಿಲ್ಲ, ಕೈಯಿಂದ ದುಡಿದು ಉಣ್ಣುವವನನ್ನು ಇಸ್ಲಾಮ್ ಗೌರವಿಸುತ್ತದೆ. ಆದರೆ ಹದಿನೈದರ ಹುಡುಗನಿಗೆ ಬೇರೆ ದಾರಿಯೇ ಇಲ್ಲದಂತಾಗಿದ್ದರೆ ಅದನ್ನು ಅವನ ಆಯ್ಕೆಯೆಂದು ಕರೆಯುವುದು ಸರಿಯೇ?

ಈಗ ನನ್ನ ಸರದಿ. ತಂದೆಯಂದಿರನ್ನು ಪ್ರಶ್ನಿಸಿ ಉಸ್ತಾದರು ತಪ್ಪಿಸಿಕೊಳ್ಳುವಂತಿಲ್ಲ.

ಕುರ್‌ಆನಿನ ಎಂಬತ್ತನೆಯ ಅಧ್ಯಾಯ ‘ಅಬಸ’ ನಮ್ಮ ಮಕ್ಕಳಿಗೆ ಬಾಯಿಪಾಠವಿದೆ. ಅದು ಅವತೀರ್ಣಗೊಂಡ ಸಂದರ್ಭವನ್ನು ನೆನಪಿಸಿಕೊಳ್ಳಿ. ಪ್ರವಾದಿಯವರು(ಸ) ಮಕ್ಕಾದ ಕುರೈಶ್ ಮುಖಂಡರೊಡನೆ ಮಾತುಕತೆಯಲ್ಲಿದ್ದರು. ಅವರು ಸತ್ಯವನ್ನು ಒಪ್ಪಿದರೆ ಇಡೀ ಊರೇ ಒಪ್ಪೀತೆಂಬ ಹಂಬಲ. ಆಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಲ್ಲಿಗೆ ಬಂದು ತಮಗೆ ಕಲಿಸಿಕೊಡುವಂತೆ ಕೇಳಿಕೊಂಡರು. ನಡುವೆ ಮಾತು ಕಡಿದಂತಾಗಿ ಪ್ರವಾದಿಯವರ(ಸ) ಹುಬ್ಬು ಗಂಟಿಕ್ಕಿತು, ಮುಖ ಅತ್ತ ತಿರುಗಿತು. ಕುರುಡರಿಗೆ ಅದು ಕಾಣುವಂತೆಯೂ ಇರಲಿಲ್ಲ. ಆದರೆ ಅಲ್ಲಾಹನು ಅದನ್ನು ಎತ್ತಿ ತೋರಿಸಿದನು. ಅಗತ್ಯವಿಲ್ಲವೆಂದು ಬೀಗುವವನ ಕಡೆಗೆ ಗಮನ ಹರಿಯಿತು, ಭಯಭಕ್ತಿಯಿಂದ ಓಡೋಡಿ ಬಂದವನ ಕಡೆಗೆ ಅಲಕ್ಷ್ಯವಾಯಿತು ಎಂದು ತನ್ನ ಅತ್ಯಂತ ಪ್ರಿಯ ದಾಸನನ್ನೇ ಎಚ್ಚರಿಸಿದನು. ಲೋಕಾಂತ್ಯದವರೆಗೆ ಜನರು ನಮಾಝಿನಲ್ಲಿ ಓದುವಂತೆ ಅದನ್ನು ಗ್ರಂಥದಲ್ಲಿ ಉಳಿಸಿದನು. ಮುಂದೆ ಇದೇ ಅಂಧ ಸಹಾಬಿಯನ್ನು ಪ್ರವಾದಿಯವರು(ಸ) ಮುಅದ್ಸಿನ್ ಆಗಿ ನೇಮಿಸಿದರು. ತಾವು ಮದೀನಾದಿಂದ ಹೊರಗೆ ಹೋಗುವಾಗ ಹಲವು ಸಲ ಅವರನ್ನು ತಮ್ಮ ಸ್ಥಾನದಲ್ಲಿ ನಿಲ್ಲಿಸಿ ಹೋದರು.

ನಾನು ಈ ಅಧ್ಯಾಯವನ್ನು ಹತ್ತು ವರ್ಷ ಕಲಿಸಿದ್ದೇನೆ. ಹತ್ತು ವರ್ಷವೂ ಮುಂದಿನ ಸಾಲಿನ ಮಕ್ಕಳನ್ನೇ ಮೊದಲು ಓದಿಸಿದ್ದೇನೆ! ಸ್ಪಷ್ಟವಾಗಿ ಓದುವ ಮಗುವಿನ ಕಡೆಗೆ ಮುಖ ತಾನಾಗಿ ತಿರುಗುತ್ತದೆ, ಕಮಿಟಿಯವರು ಬಂದಾಗ ಅದೇ ಮಗುವನ್ನು ಎಬ್ಬಿಸಿ ನಿಲ್ಲಿಸುತ್ತೇವೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಪಾಠ ಬರುತ್ತಿರಲಿಲ್ಲ, ಕೂತಲ್ಲೇ ತೂಕಡಿಸುತ್ತಿದ್ದ. ನಾನು ಬೈಯುತ್ತಿದ್ದೆ, ಬೆತ್ತವೂ ಎತ್ತಿದ್ದುಂಟು. ಒಂದು ದಿನ ಸುಬ್‌ಹಿಯ ಬಳಿಕ ಕೆಲಸವಿದ್ದು ಮೀನಿನ ದಕ್ಕೆಗೆ ಹೋದಾಗ ಅವನನ್ನು ಕಂಡೆ. ಬೋಟುಗಳಿಂದ ಬುಟ್ಟಿ ಇಳಿಸುವಾಗ ಚೆಲ್ಲಿದ ಮೀನುಗಳನ್ನು ಹೆಕ್ಕುತ್ತಿದ್ದ. ನಾಲ್ಕು ಗಂಟೆಗೆ ಎದ್ದು ಬಂದಿದ್ದನಂತೆ. ಅಲ್ಲಿಂದ ಏನೂ ತಿನ್ನದೆ ನೇರ ನನ್ನ ತರಗತಿಗೆ, ಅಲ್ಲಿಂದ ಶಾಲೆಗೆ. ಹನ್ನೊಂದು ವರ್ಷದ ಮಗು. ಇಬ್ನು ಉಮ್ಮಿ ಮಕ್ತೂಮ್‌ರಂತೆ(ರ) ಅವನೂ ಓಡೋಡಿ ಬಂದವನೇ. ಹುಬ್ಬು ಗಂಟಿಕ್ಕಿದವನು ನಾನು, ಮತ್ತು ಅವನಿಗೆ ಕಣ್ಣು ಕಾಣುತ್ತಿತ್ತು.

ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. 2012ರ ತಿದ್ದುಪಡಿಯಂತೆ ಆ ಕಾಯಿದೆ ಮದ್ರಸಗಳಿಗೆ ಅನ್ವಯಿಸುವುದಿಲ್ಲವೆಂದು ಉಸ್ತಾದರುಗಳಾದ ನಾವು ನೆಮ್ಮದಿಯಿಂದಿರುವಂತಿಲ್ಲ. ನಮ್ಮ ವಿಚಾರಣೆ ನಡೆಯುವ ನ್ಯಾಯಾಲಯ ಬೇರೆಯಿದೆ. ಅಂದಿನಿಂದ ನನ್ನ ತರಗತಿಯಲ್ಲಿ ಪಾಠ ಹಿಂದಿನ ಸಾಲಿನಿಂದ ಆರಂಭವಾಗುತ್ತದೆ. ಬೆಳಗಿನ ಮಕ್ಕಳಿಗೆ ಚಹಾ, ಬನ್ನು ಕೊಡಬೇಕೆಂದು ಕೇಳಿದಾಗ ಕಮಿಟಿಯವರು ಎರಡು ಸಭೆ ಚರ್ಚಿಸಿದರು. ಮೂರನೆಯ ಸಭೆಯ ಮೊದಲೇ ಒಬ್ಬ ಬೇಕರಿಯವರು ಹೇಳದೆ ಕೇಳದೆ ಬನ್ನು ಕಳುಹಿಸತೊಡಗಿದರು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ.

ಮನೆಯೊಳಗೆ, ತರಗತಿಯೊಳಗೆ ಇರುವ ಈ ಅಂತರ ಊರು ಊರುಗಳ ನಡುವೆಯೂ ಇದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶದೊಂದಿಗೆ ಮೊದಲ ಸ್ಥಾನ ಪಡೆಯಿತು. ಕಲಬುರಗಿ ಶೇ. 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಸರಕಾರ ಒಂದೇ, ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಕರಾವಳಿಯ ನಾವು ಪತ್ರಿಕೆಯಲ್ಲಿ ಇದನ್ನು ಓದಿ ಹೆಮ್ಮೆಪಟ್ಟೆವು. ಕಲಬುರಗಿ ಜಿಲ್ಲೆಯ ಒಂದು ಊರಿನ ಮಕ್ತಬ್‌ನಲ್ಲಿ ನಾನು ಎರಡು ವರ್ಷ ಕಲಿಸಿದ್ದೇನೆ. ಅಲ್ಲಿನ ಮಕ್ಕಳ ಬುದ್ಧಿ ನಮ್ಮ ಮಕ್ಕಳ ಬುದ್ಧಿಗಿಂತ ಕಡಿಮೆಯಿಲ್ಲವೆಂದು ಆಣೆಯಿಟ್ಟು ಹೇಳಬಲ್ಲೆ. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ತರಗತಿ ಹೊಲದಲ್ಲಿರುತ್ತಿತ್ತು. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಇಡೀ ಕುಟುಂಬ ಗುಳೆ ಹೊರಡುತ್ತಿತ್ತು. ತಂದೆತಾಯಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತರೆ ಮಗು ಅದೇ ಕಟ್ಟಡದ ಮರಳ ರಾಶಿಯಲ್ಲಿ. ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ವರ್ಷದ ಒಂದು ಪಾಲು ಮುಗಿದಿರುತ್ತಿತ್ತು. ಆ ಭಾಗದ ಹಿಂದುಳಿಯುವಿಕೆಯನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲೂಕುವಾರು ಬರೆದು ಒಪ್ಪಿಸಿತ್ತು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ ಬಳಿಕವೂ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿದೆ.

ಆ ಊರಿನ ಉರ್ದು ಶಾಲೆಯ ಮಕ್ಕಳ ಕಷ್ಟವನ್ನು ನಾನು ಕಣ್ಣಾರೆ ಕಂಡೆ. ಉರ್ದು ಶಾಲೆ ಏಳನೆಯವರೆಗೆ ಮಾತ್ರ. ಎಂಟನೆಗೆ ಹೈಸ್ಕೂಲಿಗೆ ಹೋಗಬೇಕು, ಅದು ಕನ್ನಡ ಮಾಧ್ಯಮ. ನಿನ್ನೆಯ ತನಕ ‘ಮುಸಲ್ಲಸ್’ ಎಂದು ಕಲಿತಿದ್ದು ಇಂದು ‘ತ್ರಿಭುಜ’ವಾಗುತ್ತದೆ, ‘ಝಿಯಾಈ ತಾಲೀಫ್’ ಎಂದು ಬಾಯಿಪಾಠ ಮಾಡಿದ್ದು ‘ದ್ಯುತಿಸಂಶ್ಲೇಷಣೆ’ಯಾಗುತ್ತದೆ. ವಿಷಯ ಗೊತ್ತಿದೆ, ಪದ ಗೊತ್ತಿಲ್ಲ. ಉತ್ತರ ಗೊತ್ತಿದ್ದೂ ಬಾಯಿ ತೆರೆಯಲಾಗದ ಮಗುವನ್ನು ಮೇಷ್ಟ್ರು ದಡ್ಡನೆನ್ನುತ್ತಾರೆ, ಸ್ವಲ್ಪ ದಿನದಲ್ಲಿ ಮಗುವೂ ಅದನ್ನು ನಂಬುತ್ತದೆ, ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅದರ ಜಾಗ ಖಾಲಿ. ಕರಾವಳಿಯಲ್ಲಿ ಬ್ಯಾರಿ ಭಾಷೆಯಾಡುವ ಮನೆಯ ಮಗು ಒಂದನೆಯ ತರಗತಿಯಲ್ಲೇ ಈ ಹೊಳೆ ದಾಟುತ್ತದೆ. ಆ ವಯಸ್ಸಿಗೆ ನಾಲಿಗೆ ಬೇಗ ಹೊರಳುತ್ತದೆ. ಅಲ್ಲಿ ಹದಿಮೂರನೆಯ ವರ್ಷದಲ್ಲಿ ದಾಟಬೇಕು. ಉರ್ದು ನಮ್ಮ ಪ್ರೀತಿಯ ಭಾಷೆ, ಅದು ಉಳಿಯಬೇಕು. ಆದರೆ ಐದನೆಯ ತರಗತಿಯಿಂದಲೇ ಆ ಮಕ್ಕಳಿಗೆ ಕನ್ನಡವನ್ನು ಗಟ್ಟಿಯಾಗಿ ಕಲಿಸದಿರುವುದು ಉರ್ದುವಿನ ಮೇಲಿನ ಪ್ರೀತಿಯಲ್ಲ. ಈ ಮಾತಿಗೆ ಕೆಲವು ಗೆಳೆಯರು ನನ್ನೊಡನೆ ಮುನಿಸಿಕೊಂಡದ್ದೂ ಇದೆ.

ಪ್ರವಾದಿಯವರ(ಸ) ಕಾಲದಲ್ಲೂ ಎರಡು ಊರುಗಳ ನಡುವೆ ಅಕ್ಷರದ ಅಂತರವಿತ್ತು. ಮಕ್ಕಾ ವ್ಯಾಪಾರಿಗಳ ಪಟ್ಟಣ, ಅಲ್ಲಿ ಬರೆಯಬಲ್ಲವರು ಇದ್ದರು. ಮದೀನಾ ಖರ್ಜೂರದ ತೋಟಗಳ ಊರು, ಅಲ್ಲಿ ಬರಹ ಬಲ್ಲವರು ಕಡಿಮೆ. ಹಿಜ್‌ರಾ ಎರಡನೆಯ ವರ್ಷ ಬದ್ರ್ ಯುದ್ಧದಲ್ಲಿ ಮಕ್ಕಾದ ಸುಮಾರು ಎಪ್ಪತ್ತು ಮಂದಿ ಸೆರೆಸಿಕ್ಕರು. ಶ್ರೀಮಂತ ಕೈದಿಗಳ ಬಿಡುಗಡೆಗೆ ನಾಲ್ಕು ಸಾವಿರ ದಿರ್ಹಮ್‌ಗಳವರೆಗೆ ಪರಿಹಾರಧನ ಸಿಗುತ್ತಿತ್ತು. ಹೊಟ್ಟೆಗಿಲ್ಲದ ಮದೀನಾಕ್ಕೆ ಆ ಹಣ ಬೇಕಾಗಿಯೂ ಇತ್ತು. ಆದರೆ ಹಣವಿಲ್ಲದ, ಅಕ್ಷರ ಬಲ್ಲ ಕೈದಿಗಳಿಗೆ ಅನ್ಸಾರರ ಮಕ್ಕಳಿಗೆ ಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯನ್ನಾಗಿ ಪ್ರವಾದಿಯವರು(ಸ) ನಿಶ್ಚಯಿಸಿದರು. ಒಬ್ಬೊಬ್ಬ ಕೈದಿಗೆ ಹತ್ತು ಮಕ್ಕಳು. ಹೀಗೆ ಕಲಿತವರಲ್ಲಿ ಝೈದ್ ಬಿನ್ ಸಾಬಿತ್(ರ) ಸಹ ಒಬ್ಬರೆಂದು ಇಬ್ನು ಸಅದ್ ದಾಖಲಿಸಿದ್ದಾರೆ. ಅವರೇ ಮುಂದೆ ದಿವ್ಯವಾಣಿಯ ಲಿಪಿಕಾರರಾದರು, ಅಬೂಬಕ್ಕರ್ ಸಿದ್ದೀಕರ(ರ) ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಹೊತ್ತರು.

ಇಲ್ಲಿ ಗಮನಿಸಬೇಕಾದುದೆಂದರೆ, ಮಕ್ಕಾದಿಂದ ಬಂದ ಮುಹಾಜಿರರ ಮಕ್ಕಳಿಗೂ ಅಷ್ಟೇ, ಮದೀನಾದ ಮಕ್ಕಳಿಗೂ ಅಷ್ಟೇ ಎಂದು ಸಮವಾಗಿ ಹಂಚಲಿಲ್ಲ. ಎಲ್ಲಿ ಕೊರತೆಯಿತ್ತೋ ಅಲ್ಲಿಗೆ ಶಿಕ್ಷಕರು ಹೋದರು. ಹಸಿದವನಿಗೂ ಉಂಡವನಿಗೂ ಒಂದೊಂದು ರೊಟ್ಟಿ ಬಡಿಸಿದರೆ ಲೆಕ್ಕ ಸರಿಯಾದೀತು, ಹಸಿವು ಹಾಗೆಯೇ ಉಳಿದೀತು.

ಅದೇ ಘಟನೆಯ ವರದಿಯೊಂದರಲ್ಲಿ ಸಣ್ಣದೊಂದು ಸಂಗತಿಯಿದೆ. ಒಬ್ಬ ಬಾಲಕ ಅಳುತ್ತಾ ಮನೆಗೆ ಬಂದನು. ಕೈದಿ ಮೇಷ್ಟ್ರು ಹೊಡೆದರೆಂದು ತಂದೆಗೆ ಹೇಳಿದನು. ತಂದೆಗೆ ಸಿಟ್ಟು ಬಂತು. ಅವನು ಬದ್ರಿನ ಸೋಲಿನ ಸೇಡನ್ನು ನನ್ನ ಮಗನ ಮೇಲೆ ತೀರಿಸುತ್ತಿದ್ದಾನೆ, ಇನ್ನು ಅವನ ಬಳಿಗೆ ನೀನು ಹೋಗಬೇಡ ಎಂದರು. ಎಲ್ಲೆಲ್ಲಿಯದೋ ಸಿಟ್ಟನ್ನು ಪುಟ್ಟ ಬೆನ್ನಿನ ಮೇಲೆ ತೀರಿಸುವ ಮೇಷ್ಟ್ರುಗಳು ಆಗಲೂ ಇದ್ದರು.

ದೇಶದ ಚಿತ್ರವನ್ನು 2006ರ ಸಾಚಾರ್ ಸಮಿತಿಯ ವರದಿ ತೋರಿಸಿಕೊಟ್ಟಿತು. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲೊಬ್ಬರು ಶಾಲೆಯ ಮುಖ ನೋಡಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಮದ್ರಸಕ್ಕೆ ಮಾತ್ರ ಹೋಗುವುದರಿಂದ ಹೀಗಾಯಿತೆಂದು ಹೇಳುವವರಿಗೂ ಅದರಲ್ಲಿ ಉತ್ತರವಿದೆ. ಪೂರ್ಣಾವಧಿ ಮದ್ರಸಗಳಲ್ಲಿದ್ದುದು ನೂರರಲ್ಲಿ ಮೂರು ನಾಲ್ಕು ಮಕ್ಕಳಷ್ಟೇ. ಕರ್ನಾಟಕದ ಸಂಗತಿ ಸ್ವಲ್ಪ ಭಿನ್ನ. 2001ರ ಜನಗಣತಿಯಲ್ಲಿ ನಮ್ಮ ರಾಜ್ಯದ ಮುಸ್ಲಿಮರ ಸಾಕ್ಷರತೆ ಶೇ. 70.1 ಇತ್ತು, ರಾಜ್ಯದ ಒಟ್ಟು ಸಾಕ್ಷರತೆ ಶೇ. 66.6. ಅಂದರೆ ಬಾಗಿಲಲ್ಲಿ ನಾವು ಮುಂದಿದ್ದೆವು, ಮೆಟ್ಟಿಲು ಹತ್ತುತ್ತಾ ಹೋದಂತೆ ಹಿಂದುಳಿದೆವು. ಹೆಸರು ಬರೆಯಲು ಬಂದರೆ ಸಾಕೆಂದು ಎಷ್ಟು ಮಕ್ಕಳನ್ನು ನಾವೇ ಕೆಳಗಿಳಿಸಿಲ್ಲ!

ಸರಕಾರದ ಪಾಲಿನ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದಿಂದ ಬರುತ್ತಿದ್ದ ವಿದ್ಯಾರ್ಥಿ ವೇತನ 2022ರಲ್ಲಿ ನಿಂತುಹೋಯಿತು. ಅದೇ ವರ್ಷ ನಮ್ಮ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ಶಿರವಸ್ತ್ರ ಧರಿಸಿದ ಹುಡುಗಿಯರು ನಿಂತುದನ್ನು ನಾವೆಲ್ಲ ನೋಡಿದೆವು, ನೊಂದೆವು, ಸಭೆ ಸೇರಿದೆವು. ಅದು ಸರಿಯೇ. ಆದರೆ ಮುಚ್ಚಿದ ಗೇಟಿನ ಕುರಿತು ಅಷ್ಟು ಗಟ್ಟಿಯಾಗಿ ಮಾತಾಡಿದ ನಾವು, ಮನೆಯ ಬಾಗಿಲಲ್ಲೇ ತಡೆಯಲ್ಪಟ್ಟವಳ ಕುರಿತು ಸಭೆ ಕರೆದಿದ್ದೇವೆಯೇ?

ಇಮಾಮ್ ಶಾಫಿಈಯವರ(ರ) ತಾಯಿಯನ್ನು ನೆನೆಯಿರಿ. ಗಂಡ ತೀರಿಕೊಂಡಿದ್ದರು. ಮಗುವನ್ನೆತ್ತಿಕೊಂಡು ಗಾಝಾದಿಂದ ಮಕ್ಕಾಕ್ಕೆ ಬಂದರು. ಓದುಬರಹ ಕಲಿಸುವ ಗುರುವಿಗೆ ಕೊಡಲು ಅವರ ಬಳಿ ಏನೂ ಇರಲಿಲ್ಲ. ಬಾಲಕನ ಚುರುಕನ್ನು ಕಂಡ ಗುರು, ತಾನು ಎದ್ದು ಹೋದಾಗ ಇವನು ಉಳಿದ ಮಕ್ಕಳನ್ನು ನೋಡಿಕೊಂಡರೆ ಸಾಕು, ಅದೇ ನನ್ನ ಫೀಸು ಎಂದು ಒಪ್ಪಿದನು. ಕಾಗದ ಕೊಳ್ಳಲು ಗತಿಯಿಲ್ಲದೆ ಬಾಲಕ ಎಲುಬಿನ ಮೇಲೆ ಬರೆದನು, ಕಚೇರಿಯಿಂದ ಒಂದು ಬದಿ ಬರೆದ ಹಾಳೆಗಳನ್ನು ಬೇಡಿ ತಂದು ಹಿಂಬದಿಯಲ್ಲಿ ಬರೆದನು. ಆ ಗುರು ಅಂದು ಫೀಸಿಲ್ಲವೆಂದು ಗೇಟಿನ ಹೊರಗೆ ನಿಲ್ಲಿಸಿದ್ದರೆ ಆ ಮಗು ಏನಾಗುತ್ತಿತ್ತೋ! ಕರಾವಳಿಯಲ್ಲಿ ಶಾಫಿಈ ಮದ್‌ಹಬಿನ ಅನುಯಾಯಿಗಳಾಗಿರುವ ನಮ್ಮದೇ ಕೆಲವು ಶಿಕ್ಷಣ ಸಂಸ್ಥೆಗಳಲ್ಲಿ ಫೀಸು ಬಾಕಿಯಾದ ಮಗುವನ್ನು ಪರೀಕ್ಷೆಯ ದಿನ ಹೊರಗೆ ನಿಲ್ಲಿಸುತ್ತಾರೆಂದು ಕೇಳಿದಾಗ ತಲೆ ತಗ್ಗುತ್ತದೆ.

ಝಕಾತ್‌ನ ಹಣ ಬಡ ಮಗುವಿನ ಕಲಿಕೆಗೂ ಸಲ್ಲುತ್ತದೆ. ರಮಝಾನಿನಲ್ಲಿ ಹತ್ತು ಮಂದಿಗೆ ನೂರು ನೂರು ರೂಪಾಯಿ ಹಂಚುವ ಬದಲು ಒಂದು ಮಗುವಿನ ಇಡೀ ವರ್ಷದ ಹೊಣೆ ಹೊರಲು ಒಂದಿಬ್ಬರು ಮುಂದೆ ಬಂದರೆ ಸಾಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಆರನೆಯ ತರಗತಿಯಿಂದ ಊಟ, ವಸತಿ, ಪುಸ್ತಕ ಉಚಿತ. ಗುಳೆ ಹೋಗುವ ಮನೆಯ ಮಗುವಿಗೆ ಅದೊಂದು ಆಸರೆ. ಅರ್ಜಿ ಹಾಕಲು ಆದಾಯ ಮತ್ತು ಜಾತಿ ಪ್ರಮಾಣಪತ್ರ ಬೇಕು. ಅದನ್ನು ನಾಡಕಚೇರಿಯಿಂದ ಮಾಡಿಸಿಕೊಡಲು ಒಬ್ಬ ಓದಿದ ಯುವಕ ಜೊತೆಗೆ ಹೋದರೆ ಸಾಕಾಗುತ್ತದೆ. ಬಹಳ ಮಂದಿ ತಾಯಂದಿರು ಹಿಂಜರಿಯುವುದು ಆ ಕಚೇರಿಯ ಮೆಟ್ಟಿಲಲ್ಲೇ.

ನಮ್ಮ ಜಮಾಅತ್‌ನಲ್ಲಿ ಮದುವೆ ರಿಜಿಸ್ಟರ್ ಇದೆ, ಮರಣದ ರಿಜಿಸ್ಟರ್ ಇದೆ, ವರಿಯ ಬಾಕಿ ಪುಸ್ತಕವಂತೂ ಬಹಳ ಅಚ್ಚುಕಟ್ಟು. ಮಕ್ಕಳ ಪುಸ್ತಕ ಇರಲಿಲ್ಲ. ಕಳೆದ ಜೂನ್‌ನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆವು: ಮಗುವಿನ ಹೆಸರು, ಶಾಲೆ, ತರಗತಿ, ಈ ತಿಂಗಳು ಎಷ್ಟು ದಿನ ತಪ್ಪಿತು. ಏಳು ಮುಗಿಸಿ ಎಂಟಕ್ಕೆ, ಹತ್ತು ಮುಗಿಸಿ ಮುಂದಕ್ಕೆ ಹೋಗಬೇಕಾದವರ ಹೆಸರಿಗೆ ಕೆಂಪು ಗುರುತು, ಏಕೆಂದರೆ ಮಕ್ಕಳು ಜಾರಿ ಹೋಗುವುದು ಆ ಎರಡು ಕಡೆಗಳಲ್ಲೇ. ದಕ್ಕೆಯ ಹುಡುಗ ಈಗ ಏಳನೆಯಲ್ಲಿದ್ದಾನೆ. ಆ ಹೆಣ್ಣು ಮಗು ಎಂಟಕ್ಕೆ ಸೇರಿದಳು, ಅವಳ ಹೆಸರಿನ ಮುಂದೆ ತರಗತಿಯನ್ನು ಬರೆಸಿದ್ದು ಅವಳ ತಂದೆಯೇ. ತಮ್ಮ ತನ್ನ ಚೀಲವನ್ನು ತಾನೇ ಹೊರುತ್ತಾನೆ, ವ್ಯಾನಿನಲ್ಲೇ ಹೋಗುತ್ತಾನೆ, ಅದಿನ್ನೂ ಬದಲಾಗಿಲ್ಲ. ಮೂವರು ಮಕ್ಕಳ ಸಾಲು ಈ ತಿಂಗಳು ಖಾಲಿಯಿದೆ. ಶಾಲೆಯವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಾಳೆ ಅಸ್ರ್ ನಮಾಝಿನ ಬಳಿಕ ಆ ಮನೆಗಳಿಗೆ ಹೋಗಬೇಕಾಗಿದೆ.